ಹಾರುವ ತಟ್ಟೆಯೂ ಫರ್ಮಿಯ ಲೆಕ್ಕವೂ

ಪೋಷಕರೇ, ಬೇರೆ ಲೋಕದವರು ಭೂಮಿಗೆ ಬರುತ್ತಾರೆಯೇ ಎಂದು ನಿಮ್ಮ ಮಗು ಕೇಳಿದರೆ ಗದರಬೇಡಿ. ನೊಬೆಲ್ ಬಹುಮಾನ ಪಡೆದ ಎನ್ರಿಕೊ ಫರ್ಮಿಯವರ ತಲೆಯಲ್ಲೂ ಇದೇ ವಿಷಯ ಹೊಕ್ಕಿತ್ತು.

ಫರ್ಮಿ ಹುಟ್ಟಿದ್ದು 1901ರಲ್ಲಿ, ರೋಮ್ ನಗರದಲ್ಲಿ. ತಂದೆ ರೈಲ್ವೆ ನೌಕರರು, ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ. (ಈ ಮನೆಯ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ.) ಒಂದೇ ವರ್ಷ ದೊಡ್ಡವನಾದ ಅಣ್ಣ ಜೂಲಿಯೊ ಆಟಪಾಠಕ್ಕೆ ಜೊತೆಗಾರ. 1915ರಲ್ಲಿ ಗಂಟಲಿನ ಸಣ್ಣ ಶಸ್ತ್ರಚಿಕಿತ್ಸೆಗೆ ಹೋದ ಅಣ್ಣ ತಿರುಗಿ ಬರಲಿಲ್ಲ. ಒಂಟಿಯಾದ ಹುಡುಗ ಪುಸ್ತಕ ಹಿಡಿದ. ಸಂತೆಯಲ್ಲಿ ಕೊಂಡ ಹಳೆಯ ಭೌತಶಾಸ್ತ್ರದ ಪುಸ್ತಕ ಲ್ಯಾಟಿನ್ ಭಾಷೆಯದು, ಮನೆಮಾತು ಇಟಾಲಿಯನ್. ಓದಿನಲ್ಲಿ ಮುಳುಗಿದವನಿಗೆ ಭಾಷೆ ಬೇರೆಯೆಂಬುದೇ ಗಮನಕ್ಕೆ ಬರಲಿಲ್ಲವಂತೆ. ಕನ್ನಡ, ತಮಿಳು ಎರಡರಲ್ಲೂ ಓದಿದ ನಾನು ಇದನ್ನು ನಂಬುತ್ತೇನೆ. ತಂದೆಯ ಸಹೋದ್ಯೋಗಿ ಅಮಿಡೈ ಎಂಬ ಎಂಜಿನಿಯರ್ ಒಂದೊಂದೇ ಗಣಿತದ ಪುಸ್ತಕ ಕೊಟ್ಟು ಓದಿಸಿದರು. ಜರ್ಮನ್ ಕಲಿಯಲು ಹೇಳಿದವರೂ ಅವರೇ.

1938ರಲ್ಲಿ ನೊಬೆಲ್ ಬಂತು. ಪತ್ನಿ ಲಾರಾ ಯಹೂದಿ. ಅದೇ ವರ್ಷ ಮುಸೊಲಿನಿ ಯಹೂದಿಗಳ ವಿರುದ್ಧ ಕಾನೂನು ತಂದಿದ್ದ. ಸ್ಟಾಕ್‌ಹೋಮಿನಲ್ಲಿ ಬಹುಮಾನ ಪಡೆದ ಸಂಸಾರ ಊರಿಗೆ ಮರಳದೆ ನ್ಯೂಯಾರ್ಕಿಗೆ ಹಡಗು ಹತ್ತಿತು. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಮೊದಲ ಪರಮಾಣು ಸ್ಥಾವರ ನಡೆಸಿ ತೋರಿಸಿದರು. 1945ರಲ್ಲಿ ಮೊದಲ ಬಾಂಬಿನ ಪರೀಕ್ಷೆ ನಡೆದಾಗ ಕಾಗದದ ಚೂರುಗಳನ್ನು ಕೈಬಿಟ್ಟು, ಗಾಳಿಯ ಹೊಡೆತಕ್ಕೆ ಅವು ಎಷ್ಟು ದೂರ ಸರಿದವೆಂದು ನೋಡಿ ಸ್ಫೋಟದ ಬಲವನ್ನು ಅಂದಾಜು ಮಾಡಿದರು. ನಿಜವಾದ ಬಲ ಅದರ ಸುಮಾರು ಎರಡರಷ್ಟಿತ್ತು. ಕಾಗದದ ಚೂರಿನ ಲೆಕ್ಕಕ್ಕೆ ಅದೇನು ಕಡಿಮೆಯೇ? ಆ ಬಾಂಬು ಮುಂದೆ ಜಪಾನಿನಲ್ಲಿ ಏನು ಮಾಡಿತೆಂದು ನಿಮಗೆ ಗೊತ್ತು.

1950ರ ಬೇಸಿಗೆ, ಲಾಸ್ ಅಲಾಮೋಸ್. ಆಗ ಅಮೆರಿಕದಲ್ಲೆಲ್ಲ ಹಾರುವ ತಟ್ಟೆಯ ಸುದ್ದಿ. ನ್ಯೂಯಾರ್ಕಿನ ಕಸದ ಡಬ್ಬಿಗಳನ್ನು ಅನ್ಯಗ್ರಹದವರು ಕದ್ದೊಯ್ಯುವಂತೆ ಪತ್ರಿಕೆಯೊಂದು ವ್ಯಂಗ್ಯಚಿತ್ರ ಹಾಕಿತ್ತು. ಗೆಳೆಯರು ಅದನ್ನೇ ಮಾತಾಡುತ್ತ ಊಟಕ್ಕೆ ಕುಳಿತರು. ಮಾತು ಬೇರೆ ಕಡೆ ಹೊರಳಿದ ಮೇಲೆ ಫರ್ಮಿ ಇದ್ದಕ್ಕಿದ್ದಂತೆ, ಹಾಗಾದರೆ ಅವರೆಲ್ಲ ಎಲ್ಲಿ ಎಂದು ಕೇಳಿಬಿಟ್ಟರು. ಎಲ್ಲರೂ ನಕ್ಕರು. ಪ್ರಶ್ನೆ ತಮಾಷೆಯದಲ್ಲ. ನಮ್ಮ ಆಕಾಶಗಂಗೆಯಲ್ಲೇ 10,000 ಕೋಟಿಗೂ ಹೆಚ್ಚು ನಕ್ಷತ್ರಗಳಿವೆ, ಎಷ್ಟೋ ಸೂರ್ಯನಿಗಿಂತ ಹಳೆಯವು. ಬುದ್ಧಿವಂತ ಜೀವಿಗಳು ಅಲ್ಲಿ ಸಾಮಾನ್ಯವಾಗಿದ್ದರೆ, ನಿಧಾನವಾಗಿ ಬಂದರೂ ಇಷ್ಟರಲ್ಲಿ ಇಲ್ಲಿಗೆ ತಲುಪಬೇಕಿತ್ತಲ್ಲ? ಬರದಿದ್ದರೆ ಏಕೆ? ಅಷ್ಟು ದೂರದ ಪ್ರಯಾಣವೇ ಅಸಾಧ್ಯವೋ, ಅಂಥ ನಾಗರಿಕತೆಗಳು ಬಹುಕಾಲ ಬಾಳುವುದಿಲ್ಲವೋ? ಬಾಂಬು ಕಟ್ಟಿದವರ ಊಟದ ಮೇಜಿನಲ್ಲಿ ಹುಟ್ಟಿದ ಪ್ರಶ್ನೆ ಇದೆಂಬುದನ್ನು ನಾನು ಮರೆಯಲಾರೆ.

1954ರಲ್ಲಿ, 53ನೇ ವಯಸ್ಸಿನಲ್ಲಿ, ಫರ್ಮಿ ಕ್ಯಾನ್ಸರಿನಿಂದ ತೀರಿಕೊಂಡರು. ಆರು ವರ್ಷದ ಬಳಿಕ ಫ್ರಾಂಕ್ ಡ್ರೇಕ್ ಎಂಬ ಖಗೋಳಜ್ಞ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳತ್ತ ತಿರುಗಿಸಿ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ಇಂದಿಗೂ ಕೇಳುತ್ತಲೇ ಇದ್ದಾರೆ.