ಓದಿಗಾಗಿ ಸಮುದ್ರವನ್ನು ದಾಟಿದ ಪಂಡಿತೆ ರಮಾಬಾಯಿಯವರು

ಮಗನನ್ನಾಗಲಿ ಮಗಳನ್ನಾಗಲಿ ಪರದೇಶಕ್ಕೆ ಓದಲು ಕಳುಹಿಸುವ ಮನೆಯವರಿಗೆ ಎರಡು ಚಿಂತೆಗಳುಂಟು. ಹಣವು ಎಲ್ಲಿಂದ ಬಂದೀತೆಂಬುದು ಒಂದು; ಹೋದ ಮಗುವು ನಮ್ಮದಾಗಿಯೇ ಹಿಂದಿರುಗೀತೋ ಎಂಬುದು ಇನ್ನೊಂದು. ಮಂಗಳೂರಿನ ಹೆರ್ಮನ್ ಆನಂದರಾವ್ ಕೌಂಡಿನ್ಯರು 1846ರಲ್ಲಿಯೇ ಬಾಸೆಲ್ ಪಟ್ಟಣಕ್ಕೆ ಹೋಗಿ ದೇವಜ್ಞಾನಶಾಸ್ತ್ರವನ್ನು ಕಲಿತು ಬಂದರು. ಆದರೆ ಅವರಿಗೆ ಮಿಷನ್ನಿನ ಆಶ್ರಯವಿತ್ತು, ಮತ್ತು ಅವರು ಗಂಡಸರು. ಎಳೆಯ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ತನ್ನ ಪುಸ್ತಕವನ್ನು ಮಾರಿದ ಹಣದಿಂದ ಹಡಗೇರಿದ ಒಬ್ಬ ವಿಧವೆಯ ಚರಿತ್ರೆಯನ್ನು ನಾವು ಈ ತಿಂಗಳು ಹೇಳುವೆವು.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಲ್ಲಿ ನಮ್ಮ ಕನ್ನಡನಾಡಿನ ಗಂಗಾಮೂಲವೆಂಬ ಘಟ್ಟದ ಅಡವಿಯಲ್ಲಿ ಹುಟ್ಟಿದರು. ತುಂಗೆಯೂ ಭದ್ರೆಯೂ ಹುಟ್ಟುವ ಸ್ಥಳವದು. ಆ ನೀರು ಹರಿಹರದ ಬಳಿ ಹರಿಯುವುದನ್ನು ನಮ್ಮವರು ಅನೇಕರು ಕಂಡಿದ್ದಾರೆ. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಅವರು ಉಡುಪಿಯ ವಿದ್ವಾಂಸರ ಮುಂದೆ ಉತ್ತರ ಹೇಳಬೇಕಾಯಿತು. ಮಗಳಿಗೆ ಆರು ತಿಂಗಳಾಗುವಷ್ಟರಲ್ಲಿ ಮನೆಯವರು ಕ್ಷೇತ್ರಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳು ತಲೆಯ ಮೇಲೆ ಹೊತ್ತನು. ದಾರಿಯೇ ಪಾಠಶಾಲೆಯಾಯಿತು, ತಾಯಿಯೇ ಉಪಾಧ್ಯಾಯಿನಿಯಾದಳು.

ಬರಗಾಲವೆಂದರೆ ಏನೆಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿರಿಯೂರಿನ ಮಾರಿಕಣಿವೆಯಲ್ಲಿ ಕಟ್ಟೆಯು 1907ರಲ್ಲಿ ಮುಗಿಯುವುದಕ್ಕೆ ಮುಂಚೆ ನಮ್ಮ ಅಜ್ಜಂದಿರು ಎಷ್ಟು ವರ್ಷ ಬರಿಯ ಆಕಾಶವನ್ನೇ ನೋಡುತ್ತಿದ್ದರು! 1874ರಲ್ಲಿ ಹಸಿವೆಯಿಂದ ಬಳಲಿ ರಮಾಬಾಯಿಯವರ ತಂದೆಯೂ ತಾಯಿಯೂ, ಆಮೇಲೆ ಅಕ್ಕನೂ ತೀರಿಹೋದರು. ಉಳಿದ ಅಣ್ಣತಂಗಿಯರು ಸಾವಿರಾರು ಮೈಲಿ ಕಾಲ್ನಡೆಯಾಗಿ ತಿರುಗಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ಪಂಡಿತರು ಈ ಯುವತಿಯ ವಿದ್ಯೆಯನ್ನು ಪರೀಕ್ಷಿಸಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ಅವರು ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಮದುವೆಯಾದರು. 1882ರಲ್ಲಿ ಅವರೂ ವಾಂತಿಭೇದಿಯಿಂದ ತೀರಿಕೊಂಡರು. ಮನೋರಮೆಯೆಂಬ ಕೂಸು ಮಾತ್ರ ಉಳಿಯಿತು.

ಹೆಂಗಸರಿಗೆ ಹೆಂಗಸರೇ ವೈದ್ಯ ಮಾಡಬೇಕೆಂಬ ಆಶೆಯು ರಮಾಬಾಯಿಯವರಲ್ಲಿ ಬಲವಾಗಿತ್ತು. ಅದಕ್ಕೆ ವಿಲಾಯಿತಿಯ ಓದು ಬೇಕು. ಓದಿಗೆ ಹಣ ಬೇಕು. ಪುಣೆಯಲ್ಲಿ ಮರಾಠಿಯಲ್ಲಿ ಬರೆದ ಸ್ತ್ರೀಧರ್ಮನೀತಿಯೆಂಬ ಪುಸ್ತಕದ ಹಣವು ಹಡಗಿನ ಖರ್ಚಿಗೆ ಒದಗಿತು. 1883ರಲ್ಲಿ ಅವರು ಇಂಗ್ಲೆಂಡಿನ ವಾಂಟೇಜ್ ಊರಿನ ಸಂತ ಮರಿಯಳ ಸಹೋದರಿಯರ ಮಠಕ್ಕೆ ಬಂದರು. ಹಿಂದೂದೇಶಕ್ಕೆ ಹೊರಡುವ ಸಹೋದರಿಯರಿಗೆ ಮರಾಠಿಯನ್ನು ಕಲಿಸುವುದು, ಅದಕ್ಕೆ ಬದಲಾಗಿ ತಾವು ಇಂಗ್ಲಿಷನ್ನು ಕಲಿಯುವುದು, ಹೀಗೆ ಒಪ್ಪಂದವಾಗಿತ್ತು. ದಾನದ ಅನ್ನವಲ್ಲ, ದುಡಿದ ಅನ್ನವೆಂಬುದನ್ನು ವಾಚಕರು ಗಮನಿಸಬೇಕು.

ಆದರೆ ಆ ಮೊದಲನೆಯ ವರ್ಷವು ಕಠಿಣವಾದದ್ದು. ಜೊತೆಯಲ್ಲಿ ಬಂದಿದ್ದ ಆನಂದೀಬಾಯಿ ಭಗತ್ ಎಂಬವರು ಕೆಲವೇ ತಿಂಗಳಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಪರದೇಶದ ಓದನ್ನು ಹೊಗಳುವಾಗ ಇಂಥದನ್ನು ಮುಚ್ಚಿಡುವುದು ನಮಗೆ ಸರಿಯೆಂದು ತೋರುವುದಿಲ್ಲ. ರಮಾಬಾಯಿಯವರ ಕಿವಿಯೂ ಮಂದವಾಗುತ್ತಾ ಬಂದದ್ದರಿಂದ ವೈದ್ಯಶಾಸ್ತ್ರವನ್ನು ಓದುವ ಬಾಗಿಲು ಮುಚ್ಚಿಹೋಯಿತು. ಯಾವುದಕ್ಕಾಗಿ ಸಮುದ್ರವನ್ನು ದಾಟಿದರೋ ಅದೇ ಇಲ್ಲವಾಯಿತು. ಆ ದುಃಖದ ದಿನಗಳಲ್ಲಿಯೇ, 1883ರ ಸೆಪ್ಟೆಂಬರ್ 29ರಲ್ಲಿ, ಅವರು ಮಗಳೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದರು.

ಮರುವರ್ಷ ಅವರು ಚೆಲ್ಟನ್‌ಹ್ಯಾಮಿನ ಹೆಂಗಸರ ಕಾಲೇಜನ್ನು ಸೇರಿದರು. ಡೊರೊಥಿಯಾ ಬೀಲ್ ಎಂಬವರು ಅಲ್ಲಿಯ ಮುಖ್ಯೋಪಾಧ್ಯಾಯಿನಿ. ಗಣಿತ, ಪ್ರಕೃತಿಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಗ್ರೀಕ್ ಭಾಷೆ ಇವುಗಳನ್ನು ಕಲಿಯುತ್ತಾ ತಾವು ಸಂಸ್ಕೃತವನ್ನು ಕಲಿಸುತ್ತಿದ್ದರು. ಅವರು ಗಂಡುಮಕ್ಕಳಿಗೂ ಪಾಠ ಹೇಳಬಹುದೆಂಬ ಮಾತು ಬಂದಾಗ ಹಿಂದೂದೇಶದಲ್ಲಿದ್ದ ಬಿಷಪ್ಪರು ಅಡ್ಡಿಮಾಡಿದರು. ಕಲ್ಕತ್ತೆಯ ಪಂಡಿತಸಭೆಯಲ್ಲಿ ನಿಂತು ಮಾತಾಡಿದವರಿಗೆ ಈ ಅಡ್ಡಿಯು ಎಷ್ಟು ನೋವನ್ನುಂಟುಮಾಡಿರಬೇಕು! ಕೊರಳಿನ ಶಿಲುಬೆಯ ಮೇಲೆ ಲತೀನ್ ಮಾತುಗಳು ಏಕೆ, ಸಂಸ್ಕೃತವಾಗಲಿ ಎಂದು ಅವರು ಕೇಳಿದರು. ಮಾಂಸವನ್ನು ಮುಟ್ಟಲಿಲ್ಲ. ಯಾವ ಉಪದೇಶವನ್ನೂ ಸತ್ಯವೇದದಲ್ಲಿ ತಾವೇ ಓದಿ ನೋಡದೆ ಒಪ್ಪಲಿಲ್ಲ. ಅವರನ್ನು ಮಗಳಂತೆ ಕಂಡಿದ್ದ ಸಹೋದರಿ ಜೆರಾಲ್ಡಿನರಿಗೆ ಇದು ಅಹಂಕಾರವಾಗಿ ಕಂಡಿತು. ನಮಗಾದರೋ ಹಾಗೆ ತೋರುವುದಿಲ್ಲ. ಕ್ರಿಸ್ತನನ್ನು ಹೊಂದಿದವರು ಇಂಗ್ಲಿಷರಾಗಬೇಕೆಂಬ ನಿಬಂಧನೆಯು ಸುವಾರ್ತೆಯಲ್ಲಿ ಎಲ್ಲಿದೆ? ಊರಿನವರಿಂದ ಮತ ಕೆಟ್ಟವರೆಂದೂ ದೊರೆಗಳಿಂದ ಮಾತು ಕೇಳದವರೆಂದೂ ಎರಡು ಕಡೆಯ ನಿಂದೆಯನ್ನು ಹೊತ್ತವರು ನಮ್ಮ ಹಳ್ಳಿಯ ಸಭೆಗಳಲ್ಲಿಯೂ ಇದ್ದರು.

1886ರಲ್ಲಿ ಅವರು ಅಮೆರಿಕೆಗೆ ಹೋದರು. ಫಿಲಡೆಲ್ಫಿಯದ ಹೆಂಗಸರ ವೈದ್ಯಕಾಲೇಜಿನಲ್ಲಿ ಮಾರ್ಚ್ 11ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಹೊಂದುವುದನ್ನು ಕಣ್ಣಾರೆ ಕಂಡರು. ತಮಗೆ ದೊರೆಯದೆ ಹೋದ ಪದವಿಯನ್ನು ಇನ್ನೊಬ್ಬಳು ಪಡೆದಳೆಂದು ಅವರು ಮುಖ ಬಾಡಿಸಲಿಲ್ಲ. ಪಾಪ, ಆ ಜೋಶಿಯವರು ಊರಿಗೆ ಬಂದು 1887ರಲ್ಲಿಯೇ ಕ್ಷಯದಿಂದ ತೀರಿಕೊಂಡರು. ರಮಾಬಾಯಿಯವರು ಎಳೆಯ ಮಕ್ಕಳಿಗೆ ಆಟದ ಮೂಲಕ ಕಲಿಸುವ ಫ್ರೋಬೆಲರ ಕ್ರಮವನ್ನು ಅಭ್ಯಾಸಮಾಡಿ, ಊರೂರು ತಿರುಗಿ ಹಿಂದೂ ವಿಧವೆಯರ ಕಷ್ಟವನ್ನು ತಿಳಿಸಿ, ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಬಾಸ್ಟನ್ನಿನ ಸ್ನೇಹಿತರು 1887ರಲ್ಲಿ ಸಂಘವನ್ನು ಕಟ್ಟಿ ಹತ್ತು ವರ್ಷ ಸಹಾಯಮಾಡುವೆವೆಂದು ಮಾತುಕೊಟ್ಟರು.

ಪದವಿಯ ಕಾಗದವಿಲ್ಲದೆ ಅವರು 1889ರಲ್ಲಿ ಹಿಂದಿರುಗಿದರು. ಅದೇ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾಸದನವೆಂಬ ಶಾಲೆಯನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. 1896ರಲ್ಲಿ ಮತ್ತೆ ಬರಗಾಲ ಬಂದಾಗ ಮಧ್ಯಪ್ರಾಂತಗಳಿಗೆ ತಾವೇ ಹೋಗಿ ಹಸಿದ ಹುಡುಗಿಯರನ್ನು ಕರೆತಂದು ಕೇಡಗಾಂವಿನ ಹೊಲದಲ್ಲಿ ನೆಲೆಗೊಳಿಸಿದರು. ಅದೇ ಮುಕ್ತಿ ಮಿಷನ್, ಇಂದಿಗೂ ನಡೆಯುತ್ತಿದೆ.

ಮಗಳನ್ನೂ ಅವರು ಇಂಗ್ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ಓದಿಸಿದರು. ಮನೋರಮೆಯವರು ಹಿಂದಿರುಗಿ ತಾಯಿಗೆ ಬಲಗೈಯಾಗಿ, ನಮ್ಮ ಕನ್ನಡದ ಕಲಬುರ್ಗಿಯಲ್ಲಿಯೂ ಶಾಲೆಯನ್ನು ಸ್ಥಾಪಿಸಲು ದುಡಿದರು. 1921ರಲ್ಲಿ ಮನೋರಮೆಯವರು ತಾಯಿಗಿಂತ ಮೊದಲೇ ಕರ್ತನ ಬಳಿಗೆ ಹೋದರು. ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಸುಲಭ ಮರಾಠಿಗೆ ತರುವ ಕೆಲಸವು ಇನ್ನೂ ಉಳಿದಿತ್ತು. ಚೆಲ್ಟನ್‌ಹ್ಯಾಮಿನಲ್ಲಿ ಕಲಿಯತೊಡಗಿದ ಗ್ರೀಕು ಈಗ ಕೈಗೆ ಬಂತು. ಆ ಭಾಷಾಂತರವನ್ನು ಮುಗಿಸಿ, 1922ರ ಏಪ್ರಿಲ್ 5ರಲ್ಲಿ ಅವರು ಕೇಡಗಾಂವಿನಲ್ಲಿ ಕಣ್ಣುಮುಚ್ಚಿದರು.