ಲೂಥರ್ ಪರ್ಕಿನ್ಸ್

ಲೂಥರ್ ಪರ್ಕಿನ್ಸ್ (ಜನನ: 8 ಜನವರಿ 1928 – ಮರಣ: 5 ಆಗಸ್ಟ್ 1968) ಅಮೆರಿಕದ ಕಂಟ್ರಿ ಸಂಗೀತದ ಗಿಟಾರ್ ವಾದಕರು. ಗಾಯಕ ಜಾನಿ ಕ್ಯಾಶ್ ಅವರ ಹಿಮ್ಮೇಳ ತಂಡದಲ್ಲಿ ಅದರ ಆರಂಭದಿಂದ ತಮ್ಮ ಮರಣದವರೆಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. ಕೆಲವೇ ಸ್ವರಗಳನ್ನು ಬಳಸುವ ಅವರ ಸರಳ ವಾದನವು ಕ್ಯಾಶ್ ಅವರ ಗೀತೆಗಳ ಗುರುತಾಯಿತು.

ಆರಂಭಿಕ ಜೀವನ

ಪರ್ಕಿನ್ಸ್ ಬ್ಯಾಪ್ಟಿಸ್ಟ್ ಪಂಥದ ಧರ್ಮಬೋಧಕರೊಬ್ಬರ ಮಗ. ಮಿಸಿಸಿಪಿ ರಾಜ್ಯದ ಕೋಮೋ ಎಂಬ ಊರಿನಲ್ಲಿ ಬೆಳೆದ ಅವರು ಗಿಟಾರನ್ನು ಸ್ವಂತ ಪ್ರಯತ್ನದಿಂದ ಕಲಿತರು. ಅನಂತರ ಮೆಂಫಿಸ್ ನಗರದ ಮೋಟಾರು ಮಾರಾಟ ಸಂಸ್ಥೆಯೊಂದರಲ್ಲಿ ಮೆಕ್ಯಾನಿಕ್ ಆದರು. ಮಾರ್ಷಲ್ ಗ್ರಾಂಟ್ ಮತ್ತು ಜಾನಿ ಕ್ಯಾಶ್ ಅವರ ಅಣ್ಣ ರಾಯ್ ಅಲ್ಲಿ ಅವರ ಸಹೋದ್ಯೋಗಿಗಳಾಗಿದ್ದರು. 1954ರಲ್ಲಿ ಜರ್ಮನಿಯಲ್ಲಿ ವಾಯುಪಡೆಯ ಸೇವೆ ಮುಗಿಸಿ ಬಂದ ಜಾನಿಗೆ ರಾಯ್ ಇವರ ಪರಿಚಯ ಮಾಡಿಸಿದರು.

ಸಂಗೀತ ಜೀವನ

ಮೊದಲು ಮೂವರೂ ಸಾಧಾರಣ ಗಿಟಾರುಗಳನ್ನೇ ನುಡಿಸುತ್ತಿದ್ದರು. ಬಳಿಕ ಗ್ರಾಂಟ್ ಬಾಸ್ ವಾದ್ಯವನ್ನೂ, ಪರ್ಕಿನ್ಸ್ ಎಲೆಕ್ಟ್ರಿಕ್ ಗಿಟಾರನ್ನೂ ಕೈಗೆತ್ತಿಕೊಂಡರು. 1955ರಲ್ಲಿ ಸ್ಯಾಮ್ ಫಿಲಿಪ್ಸ್ ಅವರ ಸನ್ ರೆಕಾರ್ಡ್ಸ್ ಸಂಸ್ಥೆಯಿಂದ ಮೊದಲ ಧ್ವನಿಮುದ್ರಿಕೆ ಹೊರಬಂದಿತು. 'ಫೋಲ್ಸಮ್ ಪ್ರಿಸನ್ ಬ್ಲೂಸ್' ಮತ್ತು 1956ರ 'ಐ ವಾಕ್ ದ ಲೈನ್' ಗೀತೆಗಳು ತಂಡಕ್ಕೆ ಖ್ಯಾತಿ ತಂದವು. 'ಟೆನೆಸೀ ಟೂ' ಎಂದು ಹೆಸರಾಗಿದ್ದ ಈ ಹಿಮ್ಮೇಳ, 1960ರಲ್ಲಿ ಡ್ರಮ್ ವಾದಕ ಡಬ್ಲ್ಯು. ಎಸ್. ಹಾಲೆಂಡ್ ಸೇರಿದ ಮೇಲೆ 'ಟೆನೆಸೀ ತ್ರೀ' ಆಯಿತು. ಕ್ಯಾಶ್ ತಂಡದೊಡನೆ ಪ್ರವಾಸ ಮಾಡುತ್ತಿದ್ದ ಗಾಯಕ ಕಾರ್ಲ್ ಪರ್ಕಿನ್ಸ್ ಇವರ ಬಂಧುವಲ್ಲ.

ವಾದನ ಶೈಲಿ

ಪರ್ಕಿನ್ಸ್ ಬೆರಳುಗಳ ವೇಗಕ್ಕೆ ಹೆಸರಾದವರಲ್ಲ. ಫೆಂಡರ್ ಎಸ್ಕ್ವೈರ್ ಗಿಟಾರಿನ ತಂತಿಗಳ ಮೇಲೆ ಬಲ ಅಂಗೈಯ ಅಂಚನ್ನು ಒತ್ತಿ ನಾದವನ್ನು ತಗ್ಗಿಸಿ, ಮಂದ್ರ ತಂತಿಗಳನ್ನು ಒಂದೊಂದಾಗಿ ಮೀಟುತ್ತಿದ್ದರು. ಇದರಿಂದ ಹುಟ್ಟಿದ, ಓಡುವ ರೈಲನ್ನು ನೆನಪಿಸುವ ಲಯಕ್ಕೆ 'ಬೂಮ್-ಚಿಕಾ-ಬೂಮ್' ಎಂಬ ಹೆಸರು ಬಂದಿತು. ಡ್ರಮ್ ಇಲ್ಲದ ಆರಂಭದ ಮುದ್ರಿಕೆಗಳಲ್ಲಿ ಹಾಡಿನ ನಡೆ ಬಹುಮಟ್ಟಿಗೆ ಈ ಲಯವನ್ನೇ ಅವಲಂಬಿಸಿತ್ತು. ಹೀಗೆ ಕೌಶಲದ ಮಿತಿಯೇ ಒಂದು ಶೈಲಿಗೆ ಆಧಾರವಾಯಿತು. ವೇದಿಕೆಯಲ್ಲಿ ಅವರು ನಗದೆ, ಅಲುಗಾಡದೆ ನಿಲ್ಲುತ್ತಿದ್ದರು; ಇದು ಕ್ಯಾಶ್ ಅವರ ಹಾಸ್ಯಕ್ಕೆ ವಸ್ತುವಾಗುತ್ತಿತ್ತು. ಇವರನ್ನೇ ಕುರಿತು ಕ್ಯಾಶ್ 'ಲೂಥರ್ ಪ್ಲೇಡ್ ದ ಬೂಗಿ' ಎಂಬ ಗೀತೆಯನ್ನು ರಚಿಸಿದರು.

ಕೊನೆಯ ದಿನಗಳು

1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಸೆರೆಮನೆಯಲ್ಲಿ ಕೈದಿಗಳ ಮುಂದೆ ನಡೆದ ಕಛೇರಿಗಳಲ್ಲಿ ಪರ್ಕಿನ್ಸ್ ನುಡಿಸಿದರು. ಅಲ್ಲಿ ಮುದ್ರಿತವಾದ 'ಫೋಲ್ಸಮ್ ಪ್ರಿಸನ್ ಬ್ಲೂಸ್' ಜುಲೈನಲ್ಲಿ ಕಂಟ್ರಿ ಗೀತೆಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮರುತಿಂಗಳ 3ರಂದು ಟೆನೆಸೀ ರಾಜ್ಯದ ಹೆಂಡರ್ಸನ್‌ವಿಲ್‌ನ ತಮ್ಮ ಮನೆಯಲ್ಲಿ, ಉರಿಯುವ ಸಿಗರೇಟು ಕೈಯಲ್ಲಿದ್ದಂತೆಯೇ ಅವರು ನಿದ್ರೆಗೆ ಜಾರಿದರು. ಅದರಿಂದ ಹೊತ್ತಿದ ಬೆಂಕಿಯಲ್ಲಿ ತೀವ್ರವಾಗಿ ಸುಟ್ಟು, ಎರಡು ದಿನಗಳ ಬಳಿಕ ನಿಧನರಾದರು. ಆಗ ಅವರಿಗೆ 40 ವರ್ಷ. ಹೆಂಡರ್ಸನ್‌ವಿಲ್‌ನಲ್ಲಿಯೇ ಅವರ ಸಮಾಧಿಯಿದೆ.

ಪ್ರಭಾವ

ಅದೇ ವರ್ಷ ಬಾಬ್ ವೂಟನ್ ಅವರ ಸ್ಥಾನಕ್ಕೆ ಬಂದರು. ಪರ್ಕಿನ್ಸ್ ಅವರ ವಾದನವನ್ನು ಮುದ್ರಿಕೆಗಳಿಂದ ಕೇಳಿಯೇ ಕಲಿತಿದ್ದ ವೂಟನ್, ತಂಡದಲ್ಲಿ ಅದೇ ಶೈಲಿಯನ್ನು ಮುಂದುವರಿಸಿದರು. ಕ್ಯಾಶ್ ಅವರ ಜೀವನವನ್ನು ಆಧರಿಸಿದ 2005ರ 'ವಾಕ್ ದ ಲೈನ್' ಚಲನಚಿತ್ರದಲ್ಲಿ ಪರ್ಕಿನ್ಸ್ ಅವರ ಪಾತ್ರವೂ ಇದೆ.