ಸೊಳ್ಳೆಯ ಬೆನ್ನು ಹತ್ತಿದ ವೈದ್ಯ ಸರ್ ರೊನಾಲ್ಡ್ ರಾಸ್

1976ನೇ ಇಸವಿ. ನಾನು ಗುಬ್ಬಿ ತಾಲ್ಲೂಕಿನ ಈ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ. ಆ ಮಳೆಗಾಲದಲ್ಲಿ ನನಗೆ ಚಳಿಜ್ವರ ಬಂತು. ದಿನ ಬಿಟ್ಟು ದಿನ ಹಲ್ಲು ಕಟಕಟಿಸುವ ಚಳಿ, ಎರಡು ಕಂಬಳಿ ಹೊದ್ದರೂ ನಿಲ್ಲದ ನಡುಕ, ಆಮೇಲೆ ಕೆಂಡದಂಥ ಮೈ, ಕೊನೆಗೆ ಬೆವರು. ಆರೋಗ್ಯ ಇಲಾಖೆಯವರೊಬ್ಬರು ಮನೆಗೆ ಬಂದು ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಕಹಿ ಮಾತ್ರೆ ನುಂಗಿಸಿ ಹೋದರು. ನನ್ನ ರಕ್ತ ಎಲ್ಲಿಗೆ ಹೋಯಿತು, ಅದರಲ್ಲಿ ಏನು ನೋಡುತ್ತಾರೆ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಯಿತು. ಶಾಲೆಗೆ ಮರಳಿದ ದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಅಂದಿನ ಪಾಠವನ್ನು ಬದಿಗಿಟ್ಟು ಇಡೀ ತರಗತಿಗೆ ರೊನಾಲ್ಡ್ ರಾಸ್ ಅವರ ಕಥೆ ಹೇಳಿದರು. ಆ ಒಂದು ಪೀರಿಯಡ್ಡು ನನ್ನ ಬದುಕಿನ ದಾರಿಯನ್ನು ನಿಶ್ಚಯಿಸಿತು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಥೆಯನ್ನು ಇಂದಿನ ಮಕ್ಕಳಿಗೆ ಹೇಳಿ ಮೇಷ್ಟ್ರ ಋಣವನ್ನು ಅಷ್ಟಿಷ್ಟಾದರೂ ತೀರಿಸುವ ಆಸೆ ನನ್ನದು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ತಂದೆ ಬ್ರಿಟಿಷ್ ಭಾರತದ ಸೇನೆಯಲ್ಲಿ ಅಧಿಕಾರಿ. ಎಂಟನೇ ವಯಸ್ಸಿಗೆ ಬಾಲಕನನ್ನು ಓದಲು ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನ ಮನಸ್ಸೆಲ್ಲ ಕವಿತೆ, ಚಿತ್ರ, ಸಂಗೀತದ ಕಡೆಗೆ. ತಂದೆಗೆ ಮಗ ವೈದ್ಯನಾಗಬೇಕೆಂಬ ಹಟ. ಒಲ್ಲದ ಮನಸ್ಸಿನಿಂದಲೇ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರಿಗೆ ಬೆಂಗಳೂರಿನ ದಂಡಿನಲ್ಲಿ ಕೆಲಸ. ವಾಸಕ್ಕೆ ಸಿಕ್ಕ ಬಂಗಲೆಯಲ್ಲಿ ಎಲ್ಲವೂ ಚೆನ್ನ, ಸೊಳ್ಳೆಗಳ ಕಾಟವೊಂದನ್ನು ಬಿಟ್ಟರೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಳಗೆ ಬಗ್ಗಿ ನೋಡಿದರೆ ಮರಿಹುಳುಗಳು ಗಿಜಿಗಿಜಿ ಎನ್ನುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು, ಸೊಳ್ಳೆ ಕಡಿಮೆಯಾಯಿತು. ಬೇರೆ ಕಡೆಯೂ ಹೀಗೇ ಮಾಡೋಣವೆಂದು ಮೇಲಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂದು ಆಗ ರಾಸ್ ಅವರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಮಲೇರಿಯಾ ಎಂಬ ಪದದ ಅರ್ಥವೇ ಕೆಟ್ಟ ಗಾಳಿ.

1880ರಲ್ಲಿ ಫ್ರಾನ್ಸಿನ ಲಾವೆರಾನ್ ಎಂಬ ಸೇನಾ ವೈದ್ಯರು ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡಿದ್ದರು. ಅದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟುವುದು ಹೇಗೆ ಎಂಬುದು ಒಗಟಾಗಿ ಉಳಿದಿತ್ತು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ರಾಸ್ ಅವರಿಗೆ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಆ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಇದನ್ನು ಸೊಳ್ಳೆ ಹೊತ್ತೊಯ್ಯುತ್ತಿರಬಹುದು, ಹುಡುಕಿ ನೋಡು ಎಂದು ದಾರಿ ತೋರಿದರು.

ಮರುವರ್ಷ ಸಿಕಂದರಾಬಾದಿನಲ್ಲಿ ಹುಡುಕಾಟ ಶುರುವಾಯಿತು. ರಾಸ್ ರೋಗಿಗಳಿಂದ ಸೊಳ್ಳೆ ಕಚ್ಚಿಸಿಕೊಂಡು, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡುತ್ತಿದ್ದರು. ಸೊಳ್ಳೆ ಸತ್ತು ಬಿದ್ದ ನೀರಿನಿಂದ ರೋಗ ಬರುತ್ತದೆಂದು ಮ್ಯಾನ್ಸನ್ ಊಹಿಸಿದ್ದರು. ಅದನ್ನು ಪರೀಕ್ಷಿಸಲು ಅಂಥ ನೀರನ್ನು ಕೆಲವರಿಗೆ ಕುಡಿಸಿಯೂ ನೋಡಿದರು. ಊಹೆ ನಿಲ್ಲಲಿಲ್ಲ. ಮಕ್ಕಳೇ, ಇಲ್ಲಿ ಒಂದು ಮಾತು. ಮನುಷ್ಯರ ಮೇಲೆ ಪ್ರಯೋಗ ನಡೆಸಲು ಆಗ ಇಂದಿನಂಥ ನಿಯಮಗಳಿರಲಿಲ್ಲ. ಈಗ ನೈತಿಕ ಸಮಿತಿಯ ಅನುಮತಿ ಬೇಕು. ಏನು ಮಾಡುತ್ತೇವೆ, ಅಪಾಯವೇನು ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ರಾಸ್ ಅವರನ್ನು ಗೌರವಿಸುವಾಗಲೂ ಇದನ್ನು ಮರೆಯಬಾರದು.

1895ರ ಸೆಪ್ಟೆಂಬರಿನಲ್ಲಿ ಸರ್ಕಾರ ಅವರನ್ನು ಬೆಂಗಳೂರಿಗೆ ಕಳುಹಿಸಿತು. ಅಲ್ಲಿ ಕಾಲರಾ ಹಬ್ಬಿತ್ತು. ಸೂಕ್ಷ್ಮದರ್ಶಕದ ಮುಂದೆ ಕೂರಬೇಕಾದವರು ಬಾವಿ, ಚರಂಡಿ, ಕಸದ ಗುಂಡಿಗಳ ನಡುವೆ ಓಡಾಡಬೇಕಾಯಿತು. ಸಂಶೋಧನೆಗೆ ಅಡ್ಡಿಯಾಯಿತೆಂದು ಅವರಿಗೆ ಬೇಸರ. ಆದರೆ ಊರನ್ನು ಶುಚಿಯಾಗಿಡಲು ಎಷ್ಟು ಜನ, ಎಷ್ಟು ಹಣ, ಎಷ್ಟು ತಾಳ್ಮೆ ಬೇಕು ಎಂಬುದನ್ನು ಅವರು ಕಲಿತದ್ದು ಇಂಥ ಕೆಲಸದಿಂದಲೇ ಎಂದು ನನ್ನ ಅನಿಸಿಕೆ.

1897ರಲ್ಲಿ ಅವರು ಮತ್ತೆ ಸಿಕಂದರಾಬಾದಿಗೆ ಬಂದರು. ಅಲ್ಲಿ ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೆ ಒಂದಾಣೆಯಂತೆ ಕೂಲಿ ಪಡೆದು, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಹೊಸ ಜಾತಿಯ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿದಾಗ, ಅದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಗುಂಡನೆಯ ಕೋಶಗಳು ರಾಸ್ ಅವರ ಕಣ್ಣಿಗೆ ಬಿದ್ದವು. ಅದು ಅನಾಫಿಲಿಸ್ ಸೊಳ್ಳೆ. ಆಗಸ್ಟ್ 20ನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಾಸ ಮಾಡಿ, ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು ಕಚ್ಚುವಾಗ ಮೈಗೆ ಸೇರುತ್ತದೆಂದು ತೋರಿಸಿದರು. ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾದಲ್ಲೂ ಹಾಗೆಯೇ ಎಂದು ಸಿದ್ಧಪಡಿಸಿದರು. ಕೀರ್ತಿ ಯಾರಿಗೆ ಸಲ್ಲಬೇಕೆಂದು ರಾಸ್ ಮತ್ತು ಗ್ರಾಸಿ ಬಹುಕಾಲ ಕಹಿಯಾಗಿ ಜಗಳವಾಡಿದರು. 1902ರ ನೊಬೆಲ್ ಪ್ರಶಸ್ತಿ ರಾಸ್ ಅವರಿಗೆ ಬಂತು.

ನನಗೆ ಹೆಚ್ಚು ಹಿಡಿಸುವುದು ಸಂಶೋಧನೆಯ ನಂತರದ ರಾಸ್. ಲಿವರ್‌ಪೂಲಿನಲ್ಲಿ ಪಾಠ ಹೇಳುತ್ತಾ, ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ, ಮಾರಿಷಸ್ ಎಂದು ಊರೂರು ತಿರುಗಿದರು. ನಿಂತ ನೀರು ಬಸಿಯಿರಿ, ಗುಂಡಿ ಮುಚ್ಚಿರಿ ಎಂದು ಸರ್ಕಾರಗಳಿಗೆ ಹೇಳಿದರು. ಇಸ್ಮಾಯಿಲಿಯಾದಲ್ಲಿ ಕೆಲಸವನ್ನು ಬಿಡದೆ ನಡೆಸಿದರು, ಜ್ವರ ಇಳಿಯಿತು. ಇತರೆಡೆ ಅಷ್ಟು ಫಲ ಸಿಗಲಿಲ್ಲ. ಸೊಳ್ಳೆಯನ್ನು ಪೂರ್ತಿ ನಿರ್ನಾಮ ಮಾಡಬೇಕಿಲ್ಲ, ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ರೋಗ ತಾನೇ ಆರಿಹೋಗುತ್ತದೆ ಎಂದು ಗಣಿತದ ಮೂಲಕ ತೋರಿಸಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ತುತ್ತಾಗಿ, 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಡಿ.ಡಿ.ಟಿ. ಸಿಂಪಡಣೆಯಿಂದ 1965ರ ಹೊತ್ತಿಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ರೋಗ ಹೋಯಿತೆಂದು ಎಚ್ಚರ ತಪ್ಪಿದೆವು, ಸೊಳ್ಳೆಯೂ ಔಷಧಕ್ಕೆ ಒಗ್ಗಿಕೊಂಡಿತು. ನಾನು ಕಂಬಳಿ ಹೊದ್ದು ನಡುಗಿದ 1976ರಲ್ಲಿ ಆ ಸಂಖ್ಯೆ 64 ಲಕ್ಷ ಮುಟ್ಟಿತ್ತು.

ಓದು ಮುಗಿಸಿ ನಾನೂ ಆರೋಗ್ಯ ಸಹಾಯಕನಾದೆ. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಸೈಕಲ್ ತುಳಿದು ರಕ್ತಲೇಪನ ಸಂಗ್ರಹಿಸಿದೆ. ಒಂದು ಸಲ ಜಾತ್ರೆಯ ಗಡಿಬಿಡಿಯಲ್ಲಿ ಗಾಜಿನ ಪಟ್ಟಿಗಳನ್ನು ನಾಲ್ಕು ದಿನ ಚೀಲದಲ್ಲೇ ಉಳಿಸಿಕೊಂಡೆ. ಅವುಗಳಲ್ಲಿ ಏಳು ವರ್ಷದ ಒಬ್ಬ ಹುಡುಗಿಯದೂ ಇತ್ತು. ಫಲಿತಾಂಶ ಬರುವಷ್ಟರಲ್ಲಿ ಜ್ವರ ನೆತ್ತಿಗೇರಿ ಮಗುವಿಗೆ ಎಚ್ಚರ ತಪ್ಪಿತ್ತು. ರಾತ್ರೋರಾತ್ರಿ ತುಮಕೂರಿಗೆ ಸಾಗಿಸಿದರು, ದೇವರ ದಯೆಯಿಂದ ಉಳಿದಳು. ತಪ್ಪು ನನ್ನದು. ಆ ಮನೆಯವರು ಬೈಯಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಅಂದಿನಿಂದ ಒಂದು ಪಟ್ಟಿಯೂ ನನ್ನ ಚೀಲದಲ್ಲಿ ರಾತ್ರಿ ಕಳೆಯಲಿಲ್ಲ. ವಿಜ್ಞಾನಿ ಕಂಡುಹಿಡಿದ ಸತ್ಯ ನನ್ನಂಥ ಸಣ್ಣ ನೌಕರನ ಚೀಲದಲ್ಲಿ ಸಿಕ್ಕಿಬಿದ್ದರೆ ಅದು ಯಾರನ್ನೂ ಉಳಿಸುವುದಿಲ್ಲ ಎಂದು ಅಂದು ಅರಿತೆ.

ಮುಂದೆ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟೆವು, ಅವು ಮರಿಹುಳುಗಳನ್ನು ತಿನ್ನುತ್ತವೆ. ಕಲಾಜಾಥಾದ ಹಾಡು, ನಾಟಕಗಳ ಮೂಲಕ ಜನರಿಗೆ ತಿಳಿಹೇಳಿದೆವು. ಗುಬ್ಬಿ ವೀರಣ್ಣನವರ ನಾಡಿನಲ್ಲಿ ಭಾಷಣಕ್ಕಿಂತ ನಾಟಕವೇ ಜನರ ಮನಸ್ಸಿಗೆ ಬೇಗ ಇಳಿಯುತ್ತಿತ್ತು.

ನಿವೃತ್ತನಾಗಿ ಈಗ ತುಮಕೂರಿನಲ್ಲಿದ್ದೇನೆ. ಇಂದಿಗೂ ಬೆಳಿಗ್ಗೆ ಎದ್ದರೆ ಮನೆಯ ಸುತ್ತ ಒಮ್ಮೆ ಹೋಗಿ ತೊಟ್ಟಿ, ತೆಂಗಿನ ಚಿಪ್ಪು, ಹಳೆಯ ಟೈರು ನೋಡುವ ಅಭ್ಯಾಸ ಬಿಟ್ಟಿಲ್ಲ. ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ನಾಳೆ ದೊಡ್ಡ ವಿಜ್ಞಾನಿಯಾಗಲಿ ಎಂದು ಹಾರೈಸುತ್ತೇನೆ. ಅದಕ್ಕೂ ಮೊದಲು, ಇಂದು ಸಂಜೆ ಮನೆಗೆ ಹೋದಾಗ ಹಿತ್ತಲಿನ ತೊಟ್ಟಿಯೊಳಗೆ ಒಮ್ಮೆ ಬಗ್ಗಿ ನೋಡಿ. ಬೆಂಗಳೂರಿನಲ್ಲಿ ರಾಸ್ ಮೊದಲು ಮಾಡಿದ್ದೂ ಅದನ್ನೇ.